ಕುಣಿತಟ್ಟೆ

ನಮ್ಮ ಕಾಗದದ ಕಾರ್ಖಾನೆಯ ಯಂತ್ರಶಾಲೆಯಲ್ಲಿ ಯಾರೂ ಮಾತಾಡುವುದಿಲ್ಲ. ಒಂದೋ ಕೂಗುತ್ತಾರೆ, ಇಲ್ಲವೇ ಕೈಸನ್ನೆ ಮಾಡುತ್ತಾರೆ. ಅದರಲ್ಲೂ ಒಣಗಿಸುವ ವಿಭಾಗದಲ್ಲಿ, ಆಳೆತ್ತರದ ಬಿಸಿ ಉರುಳೆಗಳು ಸಾಲಾಗಿ ತಿರುಗುವ ಕಡೆ, ಕೂಗಿದರೂ ಗಂಟಲು ನೋವೊಂದೇ ಲಾಭ. ಅಲ್ಲಿಯವರು ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಮುಷ್ಟಿ ತಿರುಗಿಸಿದರೆ ಹಬೆ ನಿಲ್ಲಿಸು ಎಂದರ್ಥ. ಹಣೆಗೆ ಎರಡು ಬೆರಳು ಮುಟ್ಟಿಸಿದರೆ ಮ್ಯಾನೇಜರ್ ಬಂದರು ಎಂದರ್ಥ. ಅದೇ ಎರಡು ಬೆರಳು ಮೂಗಿಗೆ ಹೋದರೆ ಮ್ಯಾನೇಜರ್ ಇನ್ನೂ ಹೋಗಿಲ್ಲ ಎಂದರ್ಥ.

ಇಂಥ ಜಾಗದಲ್ಲಿ ನಮ್ಮ ಭಾವ ಹೆಸರು ಮಾಡಿದ್ದು ಕಿವಿಯಿಂದ.

ಭಾವ ಎಂದರೆ ನನ್ನ ಅಕ್ಕನ ಗಂಡ, ಒಣಗಿಸುವ ವಿಭಾಗದ ದುರಸ್ತಿ ಮೇಸ್ತ್ರಿ. ನಾನು ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಾಗದದ ತೇವ, ತೂಕ, ಬಲ ಅಳೆಯುವವನು. ಪ್ರತಿ ಉರುಳೆಯ ಎರಡೂ ತುದಿಯಲ್ಲಿ ಒಂದೊಂದು ಬೇರಿಂಗ್ ಇರುತ್ತದೆ. ಉಕ್ಕಿನ ಬಳೆಯೊಳಗೆ ಉಕ್ಕಿನ ಗುಂಡುಗಳು. ಉರುಳೆಯ ಭಾರವೆಲ್ಲ ಅವುಗಳ ಮೇಲೆ. ಬೇರಿಂಗ್ ಒಮ್ಮೆಲೇ ಕಚ್ಚಿಕೊಂಡರೆ ಉರುಳೆ ನಿಲ್ಲುತ್ತದೆ, ಕಾಗದ ಹರಿಯುತ್ತದೆ, ಹಿಂದಿನಿಂದ ಬರುವ ಒದ್ದೆ ಹಾಳೆಯೆಲ್ಲ ಮುದ್ದೆಯಾಗಿ ಕಾಲಡಿಗೆ ಬೀಳುತ್ತದೆ. ಭಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಇದು ಇನ್ನೊಂದು ವಾರ ಬಾಳೀತು, ಅದಕ್ಕೆ ಇವತ್ತೇ ಬಾಯಿಗೆ ನೀರು ಬಿಡಿ ಎಂದು ಹೇಳುತ್ತಿದ್ದರು. ಹೇಳಿದಂತೆಯೇ ಆಗುತ್ತಿತ್ತು. ಹಾಗಾಗಿ ಅವರಿಗೆ ಸೂಜಿಕಿವಿ ಎಂಬ ಹೆಸರು ಬಿದ್ದಿತ್ತು. ಕಂಪನ ಅಳೆಯುವ ಒಂದು ವಿದೇಶಿ ಉಪಕರಣವೂ ಕಾರ್ಖಾನೆಯಲ್ಲಿ ಇತ್ತು. ಬಹಳ ಬೆಲೆಯದು, ಆದ್ದರಿಂದ ಬಿಸಿ, ಎಣ್ಣೆ, ಹಬೆ ಇರುವ ಕಡೆ ಒಯ್ಯಬಾರದೆಂದು ಮ್ಯಾನೇಜರ್ ಅದನ್ನು ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆ ತೋರಿಸುತ್ತಿದ್ದರು.

ಹೋದ ವರ್ಷ ಬೇಸಿಗೆಯ ಹೊತ್ತಿಗೆ, ಭಾವ ಗಟ್ಟಿಮುಟ್ಟಾಗಿದೆ ಎಂದು ಹೇಳಿದ್ದ ಬೇರಿಂಗ್ ಮರುದಿನವೇ ಕಚ್ಚಿಕೊಂಡಿತು. ಸ್ವಲ್ಪ ದಿನದಲ್ಲಿ ಇನ್ನೊಂದು. ಯಾರೂ ಭಾವನನ್ನು ದೂರಲಿಲ್ಲ. ಸೂಜಿಕಿವಿಗೇ ಕೇಳಿಸಲಿಲ್ಲವೆಂದರೆ ಬೇರಿಂಗ್ ಸದ್ದೇ ಮಾಡಿಲ್ಲ, ಈಗಿನ ಉಕ್ಕಿಗೆ ಸಾಯುವ ಮುಂಚೆ ನರಳುವ ಮರ್ಯಾದೆಯೂ ಇಲ್ಲ ಎಂದು ಫಿಟ್ಟರುಗಳು ತೀರ್ಪು ಕೊಟ್ಟರು.

ಅದಾದ ಮೇಲೆ ಒಂದು ಮಧ್ಯಾಹ್ನ ಭಾವ ನನ್ನ ಪ್ರಯೋಗಾಲಯಕ್ಕೆ ಬಂದು ಬಾಗಿಲು ಮುಚ್ಚಿಕೊಂಡರು. ನಾನು ತಕ್ಕಡಿಯ ಕಡೆ ಮುಖ ಮಾಡಿಕೊಂಡೇ ಚಹಾ ತರಿಸಲಾ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಚಹಾದ ಮಾತಿಗೆ ಉತ್ತರ ಕೊಡದ ಭಾವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಿರುಗಿದೆ. ಅವರು ನನ್ನ ತುಟಿಗಾಗಿ ಕಾಯುತ್ತಿದ್ದರು.

"ಕೆಟ್ಟಿದ್ದು ಬೇರಿಂಗ್ ಒಂದೇ ಅಲ್ಲ ಕಣೋ," ಎಂದರು. "ದಪ್ಪ ಸದ್ದು ಕೇಳುತ್ತೆ. ಸಣ್ಣ ಸದ್ದು ಪೂರ್ತಿ ಹೋಗಿದೆ. ಈ ಬೇರಿಂಗ್‌ಗಳು ಅಳೋದೇ ಸಣ್ಣ ದನೀಲಿ."

ಎಷ್ಟು ದಿನದಿಂದ ಎಂದು ಕೇಳಿದೆ. ದಿನದ ಲೆಕ್ಕ ಅಲ್ಲ, ವರ್ಷದ ಲೆಕ್ಕ ಎಂದರು. ಹಾಗಾದರೆ ಪ್ರತಿ ವರ್ಷ ಕಿವಿ ಪರೀಕ್ಷೆಯಲ್ಲಿ ಅತ್ಯುತ್ತಮ ಎಂದು ಹೇಗೆ ಬರುತ್ತಿದೆ ಎಂದರೆ ಅದಕ್ಕೂ ವಿವರ ಸಿಕ್ಕಿತು. ನಮ್ಮ ಔಷಧಾಲಯದಲ್ಲಿ ಪರೀಕ್ಷೆ ಮಾಡುವವನು ಕಾಂಪೌಂಡರ್. ಅವನು ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಒಂದೊಂದು ಪದ ಹೇಳುತ್ತಾನೆ, ಕೂತವರು ಅದನ್ನು ತಿರುಗಿ ಹೇಳಬೇಕು. ಎದುರಿಗೇ ಔಷಧದ ಕಪಾಟು, ಅದಕ್ಕೆ ಗಾಜಿನ ಬಾಗಿಲು. ಗಾಜಿನಲ್ಲಿ ಕಾಂಪೌಂಡರನ ತುಟಿ ಕಾಣುತ್ತದೆ. ಭಾವ ಮೋಸ ಮಾಡಬೇಕೆಂದು ಹೊರಟವರಲ್ಲ. ತುಟಿ ಕಂಡರೆ ಓದುವುದು ಯಂತ್ರಶಾಲೆಯವರಿಗೆ ಉಸಿರಾಟವಿದ್ದಂತೆ. ಓದಿದರು, ಹೇಳಿದರು, ಪಾಸಾದರು.

ಕಿವಿ ಹೋದವರನ್ನು ಯಂತ್ರದ ಬಳಿ ಇರಿಸಬಾರದು, ಅಪಾಯದ ಸೈರನ್ ಅವರಿಗೆ ಕೇಳುವುದಿಲ್ಲ ಎಂಬುದು ಕಾರ್ಖಾನೆಯ ನಿಯಮ. ಅಂಥವರನ್ನು ಗೋದಾಮಿಗೆ ಹಾಕುತ್ತಾರೆ. ಒಣಗಿಸುವ ಯಂತ್ರವನ್ನು ಕೂಡಿಸಿದ ದಿನದಿಂದ ಭಾವ ಅದರ ಪಕ್ಕದಲ್ಲಿದ್ದವರು. ಅವರಿಗೆ ಅದನ್ನು ಬಿಟ್ಟು ಇನ್ನೊಂದು ಹವ್ಯಾಸವಿಲ್ಲ, ಇನ್ನೊಂದು ಚಟವಿಲ್ಲ. ರಜೆಯ ದಿನ ಮನೆಯಲ್ಲಿ ಮಿಕ್ಸಿಯ ಮೇಲೆ ಕೈಯಿಟ್ಟು ಕೂರುತ್ತಾರೆ ಎಂದು ಅಕ್ಕ ಹೇಳುತ್ತಾಳೆ.

"ಗೋದಾಮಲ್ಲಿ ಕೂತು ಕಾಗದದ ಕಟ್ಟು ಕಾಯೋದಾ?" ಎಂದರು. "ಅದೇನು ಎದ್ದು ಓಡಿಹೋಗುತ್ತಾ?"

ಕೇಳಲಾಗದ್ದನ್ನು ನೋಡುವ ಹಾಗೆ ಮಾಡಬಹುದು ಎಂದು ನಾನು ಅಂದೆ. ತೆಳು ತಟ್ಟೆಯೊಂದನ್ನು ನಡುವಿನಲ್ಲಿ ಹಿಡಿದು ಅಂಚಿಗೆ ತಟ್ಟಿದರೆ ಅದು ತನ್ನದೇ ಒಂದು ಸ್ವರದಲ್ಲಿ ಮೊಳಗುತ್ತದೆ. ಯಂತ್ರದ ಗುಡುಗಿಗೆ ಅದು ಅಷ್ಟಾಗಿ ಓಗೊಡುವುದಿಲ್ಲ. ಆದರೆ ಬೇರಿಂಗಿನಲ್ಲಿ ಸಣ್ಣ ಬಿರುಕಿದ್ದರೆ ಗುಂಡುಗಳು ಅದರ ಮೇಲೆ ಹಾಯುವಾಗಲೆಲ್ಲ ಚಿಕ್ಕ ಸುತ್ತಿಗೆಯಿಂದ ಹೊಡೆದಂಥ ಪೆಟ್ಟು ಬೀಳುತ್ತದೆ. ಆ ಪೆಟ್ಟು ಒಂದು ಉಕ್ಕಿನ ಸರಳಿನ ಮೂಲಕ ತಟ್ಟೆಗೆ ತಲುಪಿದರೆ ತಟ್ಟೆ ನಡುಗುತ್ತದೆ. ಮೇಲೆ ಪುಡಿ ಹರಡಿದ್ದರೆ ಪುಡಿ ಕುಣಿಯುತ್ತದೆ. ಕಾಲೇಜಿನಲ್ಲಿ ಪಿಟೀಲಿನ ಕಮಾನಿನಿಂದ ತಟ್ಟೆಯನ್ನು ತೀಡಿ ಮರಳಿನ ಚಿತ್ತಾರ ಮೂಡಿಸಿದ್ದು ನನಗೆ ನೆನಪಿತ್ತು. ಆದರೆ ನನಗೆ ಗೊತ್ತಿದ್ದದ್ದು ತತ್ವ ಮಾತ್ರ. ಸರಳು ಕೂರಿಸಲು ತಟ್ಟೆಯ ನಡುವಿನ ತೂತು ಎಷ್ಟು ದೊಡ್ಡದಿರಬೇಕು, ಸರಳು ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಭಾವನ ಕೈಯೇ ಬೇಕಾಯಿತು.

ಸಾಮಗ್ರಿ ಅಕ್ಕನ ಮನೆಯಿಂದ ಬಂತು. ಊಟದ ಕ್ಯಾರಿಯರಿನ ಸ್ಟೀಲ್ ಮುಚ್ಚಳ ತಟ್ಟೆಯಾಯಿತು. ಅಕ್ಕನ ಹೊಲಿಗೆ ಯಂತ್ರಕ್ಕೆ ಮೋಟರ್ ಕೂಡಿಸಿದ ಮೇಲೆ ಕಾಲುಪೆಡಲಿನಿಂದ ಚಕ್ರಕ್ಕೆ ಹೋಗುವ ಸರಳು ಸುಮ್ಮನೆ ಬಿದ್ದಿತ್ತು; ಅದರ ಒಂದು ತುದಿಯನ್ನು ಮೊನೆ ಮಾಡಿ, ಇನ್ನೊಂದು ತುದಿಗೆ ಮುಚ್ಚಳವನ್ನು ನಟ್ಟಿನಿಂದ ಬಿಗಿದರು. ಅಕ್ಕ ಮುಚ್ಚಳವಿಲ್ಲದ ಡಬ್ಬಿಗೆ ಬಟ್ಟೆ ಕಟ್ಟುತ್ತಾ ನನ್ನ ಹತ್ತಿರ ದೂರಿದಳು.

"ನಿಮ್ಮ ಭಾವ ಕಾರ್ಖಾನೆಗೆ ಸಂಬಳ ತರೋಕೆ ಹೋಗ್ತಾರೋ, ನನ್ನ ಪಾತ್ರೆ ದಾನ ಮಾಡೋಕೆ ಹೋಗ್ತಾರೋ? ಎಲ್ಲಿ ಹೋಯ್ತು ಅಂದ್ರೆ ಕೇಳಿಸಿಕೊಳ್ಳೋದೇ ಇಲ್ಲ."

ಮೊದಲು ಉಪ್ಪು ಹರಡಿದರು. ಹಬೆಗೆ ಅದು ಅರ್ಧ ಗಂಟೆಯಲ್ಲಿ ಬೆವರಿ ಅಂಟಿಕೊಂಡಿತು. ಸಕ್ಕರೆಗೆ ಉಪಕರಣದ ಪೆಟ್ಟಿಗೆಯ ತುಂಬ ಇರುವೆ ಬಂದವು. ಸಾಸಿವೆ ಒಳ್ಳೆಯ ಬೇರಿಂಗಿಗೂ ಕೆಟ್ಟ ಬೇರಿಂಗಿಗೂ ಒಂದೇ ಉತ್ಸಾಹದಿಂದ ಉರುಳಿ ನೆಲಕ್ಕೆ ಬಿತ್ತು. ಕಡೆಗೆ ರವೆ ನಿಂತಿತು. ಒಳ್ಳೆಯ ಬೇರಿಂಗಿನ ಮೇಲೆ ಸರಳು ಊರಿದರೆ ರವೆ ಅಲುಗಿಯೂ ಅಲುಗದಂತೆ ಇರುತ್ತಿತ್ತು. ಸಾಲಿನ ಕೊನೆಯ ಕಡೆಯ ಒಂದು ಉರುಳೆಯ ಮೇಲಿಟ್ಟಾಗ ಅದು ಕಾದ ಬಾಣಲೆಗೆ ಬಿದ್ದಂತೆ ಪುಟಿದು ತಟ್ಟೆಯ ಮೇಲೆ ಉಂಗುರದ ಆಕಾರಕ್ಕೆ ಸೇರಿಕೊಂಡಿತು. ಬೇರಿಂಗ್ ಬಿಚ್ಚಿದಾಗ ಒಳಬಳೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಭಾವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೊಮ್ಮಗುವಿನ ಮುಖವನ್ನೂ ಅವರು ಅಷ್ಟು ಹೊತ್ತು ನೋಡಿರಲಿಲ್ಲ.

ಗುಟ್ಟಾಗಿ ಉಳಿಸಿಕೊಳ್ಳಬೇಕೆಂದೇ ಮಾಡಿದ ವಸ್ತು ಅದು. ಆದರೆ ರವೆ ಕುಣಿಸುವ ಮೇಸ್ತ್ರಿಯನ್ನು ಯಾರು ನೋಡದೆ ಬಿಟ್ಟಾರು? ಫಿಟ್ಟರುಗಳು ಅದಕ್ಕೆ ಕುಣಿತಟ್ಟೆ ಎಂದು ಹೆಸರಿಟ್ಟರು. ಸೂಜಿಕಿವಿಗೆ ತನ್ನ ಕಿವಿ ಸಾಕು, ನಮ್ಮಂಥ ದಡ್ಡರಿಗಾಗಿ ಇದನ್ನು ಮಾಡಿದ್ದಾರೆ ಎಂದು ಅವರೇ ಕಾರಣವನ್ನೂ ಹುಡುಕಿಕೊಂಡರು. ಸುದ್ದಿ ಮ್ಯಾನೇಜರಿಗೆ ಹೋಯಿತು. ಅವರು ನಿಜಕ್ಕೂ ಸಂತೋಷಪಟ್ಟರು. ಕುಣಿತಟ್ಟೆಗೆ 'ದೃಶ್ಯ ಕಂಪನ ಸೂಚಕ' ಎಂಬ ಗೌರವದ ಹೆಸರು ಬಂತು. ಉಗ್ರಾಣದವರು ರವೆ ಕೊಳ್ಳಲು ವಿವರ ಕೇಳಿದರು. 'ಮಧ್ಯಮ ಗಾತ್ರ, ಹುರಿಯದ್ದು' ಎಂದು ನಾನೇ ಬರೆದುಕೊಟ್ಟೆ. ಮುಚ್ಚಳದಂಥ ತೆಳು ತಗಡು ಕಂಪನಿಯ ಘನತೆಗೆ ಸಾಲದೆಂದು ಯಾರಿಗೋ ಅನ್ನಿಸಿ ದಪ್ಪ ಉಕ್ಕಿನ ತಟ್ಟೆ ಮಾಡಿಸಿದರು. ಅದರ ಮೇಲೆ ರವೆ ತಪಸ್ಸಿಗೆ ಕೂತಂತೆ ಕೂತಿತು. ಆ ವಾರ ಎಲ್ಲ ಬೇರಿಂಗ್‌ಗಳೂ ಆರೋಗ್ಯವಾಗಿವೆ ಎಂಬ ವರದಿ ಹೋಗಿ ಎಲ್ಲರಿಗೂ ಸಮಾಧಾನವಾಯಿತು. ಭಾವ ಹಟ ಹಿಡಿದು ಮತ್ತೆ ತೆಳು ತಟ್ಟೆ ತರಿಸಿದರು. ಬಳಸುವವರಿಗಾಗಿ ನಾವಿಬ್ಬರೂ ಸೇರಿ ಒಂದು ಕೈಪಿಡಿ ಬರೆದೆವು. 'ಇದನ್ನು ಬಳಸಲು ಕಿವಿ ಬೇಕಿಲ್ಲ, ಕಣ್ಣು ಸಾಕು' ಎಂಬ ವಾಕ್ಯ ಮ್ಯಾನೇಜರಿಗೆ ಬಹಳ ಹಿಡಿಸಿ ಅದನ್ನು ಮುಖಪುಟಕ್ಕೆ ಹಾಕಿಸಿದರು.

ಆಮೇಲೆ ಭಾವನಿಗೆ ಬಡ್ತಿ ಬಂತು. ತರಬೇತಿ ಅಧಿಕಾರಿ. ಆಡಳಿತ ಕಚೇರಿಯಲ್ಲಿ ಮೇಜು.

ಆ ಕಚೇರಿ ಕಾರ್ಖಾನೆಯ ಅಂಗಳದ ಆಚೆ, ಮಹಡಿಯ ಮೇಲೆ ಇದೆ. ಎರಡು ಪದರದ ಗಾಜಿನ ಕಿಟಕಿ, ನೆಲದ ಮೇಲೆ ಕಂಬಳಿಯಂಥ ಹಾಸು, ತಣ್ಣನೆಯ ಗಾಳಿ. ಅಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಅದೂ ಕಂಪ್ಯೂಟರಿನ ಹಿಂದಿನಿಂದ, ಚಹಾದ ಲೋಟದ ಹಿಂದಿನಿಂದ, ಫೈಲಿನ ಹಿಂದಿನಿಂದ. ಮುಖ ತೋರಿಸದೆ ಮಾತಾಡುವುದು ಯಂತ್ರಶಾಲೆಯಲ್ಲಿ ಮಹಾ ಅಸಭ್ಯತೆ. ಇಲ್ಲಿ ಅದೇ ಸಭ್ಯತೆ. ಗುಡುಗಿನ ನಡುವೆ ಎಲ್ಲರಷ್ಟೇ ಕಿವುಡರಾಗಿದ್ದ ನಮ್ಮ ಭಾವ, ಪಿನ್ನು ಬಿದ್ದರೂ ಕೇಳುವ ಕೋಣೆಯಲ್ಲಿ ಒಬ್ಬರೇ ಕಿವುಡರಾದರು.

ಅವರಿಗೆ ತೋಚಿದ ಉಪಾಯ ಒಂದೇ: ಯಾರ ದನಿಯ ಗಾಳಿ ಬೀಸಿದರೂ ಮುಗುಳ್ನಕ್ಕು ತಲೆಯಾಡಿಸುವುದು. ಇದರ ಪರಿಣಾಮವನ್ನು ನಾವು ಯಾರೂ ಊಹಿಸಿರಲಿಲ್ಲ. ಇಷ್ಟು ಒಳ್ಳೆಯ ಅಧಿಕಾರಿಯನ್ನು ಕಂಡಿಲ್ಲ ಎಂದು ಕಚೇರಿಯವರೆಲ್ಲ ಹೊಗಳತೊಡಗಿದರು. ಯಾವುದಕ್ಕೂ ಆಕ್ಷೇಪವಿಲ್ಲ, ಯಾವ ಸಭೆಯನ್ನೂ ಉದ್ದ ಮಾಡುವುದಿಲ್ಲ. ಎಲ್ಲ ಸಮಿತಿಗಳಿಗೂ ಅವರನ್ನೇ ಸೇರಿಸಿದರು. ಕ್ಯಾಂಟೀನಿನ ಕುರ್ಚಿಗಳ ಬಣ್ಣವನ್ನು ನಿರ್ಧರಿಸುವ ಸಮಿತಿಗೆ ತಾವು ಅಧ್ಯಕ್ಷರೆಂಬುದು ಅವರಿಗೆ ಗೊತ್ತಾದದ್ದು ಕುರ್ಚಿಗಳು ಬಂದ ಮೇಲೆ.

ನಗುವ ಮಾತು ಅಲ್ಲಿಗೆ ನಿಂತಿದ್ದರೆ ಭಾವ ಹೇಗೋ ಕಾಲ ತಳ್ಳುತ್ತಿದ್ದರು. ಒಂದು ದಿನ ಅವರ ಯಂತ್ರದಲ್ಲೇ ಉರುಳೆ ನಿಂತಿತು. ಒದ್ದೆ ಕಾಗದ ಸುತ್ತಿಕೊಂಡು, ಅದನ್ನು ಬಿಡಿಸಲು ಹೋದ ಫಿಟ್ಟರೊಬ್ಬನ ಮುಂಗೈ ಬಿಸಿ ಉರುಳೆಗೆ ತಾಗಿ ಸುಟ್ಟಿತು. ಕುಣಿತಟ್ಟೆ ಇದ್ದೂ ಹೀಗೇಕಾಯಿತೆಂದು ಭಾವ ಕೆಳಗೆ ಓಡಿಬಂದು ವಿಚಾರಿಸಿದರು. ಪ್ರತಿದಿನ ಮಾಡುತ್ತಿದ್ದ ತಪಾಸಣೆಯನ್ನು ತಿಂಗಳಿಗೊಮ್ಮೆ ಮಾಡಿದ್ದಾರಲ್ಲ ಎಂದು ಇನ್ನೊಬ್ಬ ಫಿಟ್ಟರು ತುಟಿ ಬಿಡಿಸಿ ಹೇಳಿದ. ಯಾರು ಮಾಡಿದ್ದು? ಅವನು ಭಾವನ ಕಡೆಗೇ ಬೆರಳು ತೋರಿಸಿದ. ಯಾವುದೋ ಸಭೆಯಲ್ಲಿ, ಯಾರೋ ಲೋಟದ ಹಿಂದಿನಿಂದ ಕೇಳಿದ್ದಕ್ಕೆ ಭಾವ ಮುಗುಳ್ನಕ್ಕು ತಲೆಯಾಡಿಸಿದ್ದರು.

ಆ ಸಂಜೆ ಅವರು ಅಕ್ಕನೆದುರು ವಿಷಯ ಬಿಚ್ಚಿಟ್ಟರು. ನಾನೂ ಅಲ್ಲೇ ಇದ್ದೆ. ಅಕ್ಕ ಅವರ ಎದುರಿಗೆ ಬಂದು ಕೂತು, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ನಾನು ಇಷ್ಟು ವರ್ಷ ಇದು ಗಂಡಂದಿರ ಗುಣ ಅಂದ್ಕೊಂಡು ಸುಮ್ಮನಿದ್ದೆ."

ಮರುದಿನ ಭಾವ ಮ್ಯಾನೇಜರ್ ಕೋಣೆಗೆ ಹೋಗಿ, ನನಗೆ ಕಿವಿ ಕೇಳುವುದಿಲ್ಲ, ತಪಾಸಣೆಯ ಕೆಲಸಕ್ಕೆ ಕೆಳಗೆ ಕಳಿಸಿ, ಸಂಬಳ ಇಳಿದರೂ ಸರಿ ಎಂದು ಹೇಳಿದರು. ಕೈಪಿಡಿಯ ಪ್ರಕಾರ ಆ ಕೆಲಸಕ್ಕೆ ಕಿವಿ ಬೇಕಿರಲಿಲ್ಲ. ಸೈರನ್ ಯಾರಿಗೂ ಕೇಳುವುದಿಲ್ಲವೆಂದು ಗೊತ್ತಾಗಿ ಅದಕ್ಕೆ ಮುಂಚೆಯೇ ಎಲ್ಲೆಡೆ ಕೆಂಪು ದೀಪ ಹಾಕಿಸಿದ್ದರು. ಇನ್ನೇನು ಅಡ್ಡಿ? ಅಡ್ಡಿ ಏನೆಂದರೆ, ಮ್ಯಾನೇಜರ್ ನಂಬಲಿಲ್ಲ. ಸೂಜಿಕಿವಿಗೆ ಕಿವಿ ಕೇಳದೇ? ಪ್ರತಿ ವರ್ಷವೂ ಅತ್ಯುತ್ತಮ! ಕೈ ಸುಟ್ಟುಕೊಂಡವನ ಬಗ್ಗೆ ಮನಸ್ಸು ನೊಂದು ಹೀಗೆ ಹೇಳುತ್ತಿದ್ದೀರಿ, ದೊಡ್ಡ ಗುಣ ಎಂದು ಅವರ ಬೆನ್ನು ತಟ್ಟಿದರು. ನನ್ನನ್ನು ಕರೆಸಿ ಕೇಳಿದರು. ನಿಜ ಎಂದೆ. ಭಾಮೈದನ ಸಾಕ್ಷಿ ನಡೆಯುವುದಿಲ್ಲ ಎಂದು ನಕ್ಕರು. ಬಹಳ ಒತ್ತಾಯಿಸಿದ ಮೇಲೆ, ಪಟ್ಟಣದ ಕಿವಿಯ ಆಸ್ಪತ್ರೆಯಿಂದ ಬರೆಸಿಕೊಂಡು ಬನ್ನಿ ಎಂದರು.

ಆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಇರಲಿಲ್ಲ. ಸದ್ದು ನುಗ್ಗದ ಚಿಕ್ಕ ಕೋಣೆ, ಕಿವಿಗೆ ಹಾಕುವ ಯಂತ್ರ, ಕೈಗೊಂದು ಗುಂಡಿ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಆಚೆ ಕೂತು ಸದ್ದು ಬಿಡುವ ಹೆಣ್ಣುಮಗಳು ಕಿಟಕಿಯಲ್ಲಿ ಕಾಣುತ್ತಾಳೆ. ಭಾವ ಹೊರಗೆ ಬಂದಾಗ ಪರೀಕ್ಷೆಯಲ್ಲಿ ಫೇಲಾದವರ ಮುಖ ಮಾಡಿಕೊಂಡಿದ್ದರು.

"ಪಾಸಾಗಿಬಿಟ್ಟೆ ಕಣೋ," ಎಂದರು. "ಅವಳು ಸದ್ದು ಬಿಡುವಾಗ ಬಲಭುಜ ಒಂದಿಷ್ಟು ಅಲ್ಲಾಡುತ್ತೆ. ಬೇಡ ಬೇಡ ಅಂದ್ರೂ ಕಣ್ಣು ಹೋಗುತ್ತೆ, ಕೈ ಒತ್ತುತ್ತೆ."

ನಾನು ಒಳಗೆ ಹೋಗಿ ಆ ಹೆಣ್ಣುಮಗಳಿಗೆ ವಿಷಯ ತಿಳಿಸಿದೆ. ಕಿವುಡರಲ್ಲವೆಂದು ತೋರಿಸಿಕೊಳ್ಳುವವರನ್ನು ದಿನವೂ ನೋಡುತ್ತೇನೆ, ಕಿವುಡರೆಂದು ಬರೆದುಕೊಡಿ ಎಂದು ಬಂದು ಪಾಸಾದವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದಳು. ಭಾವನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ ಮತ್ತೆ ಪರೀಕ್ಷೆ ಮಾಡಿದಳು. ಈ ಸಲ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಫೇಲಾದರು. ಬಹುಕಾಲ ದೊಡ್ಡ ಸದ್ದಿನಲ್ಲಿದ್ದವರಿಗೆ ಆಗುವ ಕಿವುಡು ಇದು, ಮತ್ತೆ ಸರಿಹೋಗುವುದಿಲ್ಲ ಎಂದಳು. ಭಾವ ಅವಳಿಗೆ ಎರಡು ಸಲ ಧನ್ಯವಾದ ಹೇಳಿದರು.

ಕಾರ್ಖಾನೆಯ ವೈದ್ಯಾಧಿಕಾರಿ ತಿಳಿದವರು, ಎಚ್ಚರದ ಮನುಷ್ಯ. ಅವರ ಮುಂದೆ ಎರಡು ಸಂಗತಿಗಳಿದ್ದವು. ಮೊದಲನೆಯದು, ಯಂತ್ರಶಾಲೆಯಲ್ಲಿ ಕಳೆದಷ್ಟು ವರ್ಷವೂ ಈ ಮನುಷ್ಯನ ಕಿವಿ ಅತ್ಯುತ್ತಮವಾಗಿತ್ತು. ಎರಡನೆಯದು, ಈಗ ಬಹುಪಾಲು ಹೋಗಿದೆ. ನಡುವೆ ಆದ ಬದಲಾವಣೆ ಒಂದೇ: ಅವರು ಆಡಳಿತ ಕಚೇರಿಗೆ ಬಂದದ್ದು. ದೊಡ್ಡ ಸದ್ದು ಎಂದು ಆಸ್ಪತ್ರೆಯವರು ಹೇಳಿರುವುದು ಹಾಗಾದರೆ ಕಚೇರಿಯ ಏಸಿಯದ್ದೂ ಟೆಲಿಫೋನಿನದ್ದೂ ಆಗಿರಬೇಕು. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ತಪ್ಪಿದ್ದದ್ದು ಔಷಧದ ಕಪಾಟಿನ ಗಾಜಿನಲ್ಲಿ. ಯಂತ್ರಗಳ ಸದ್ದಿನಿಂದ ಕಿವಿಗೆ ಹಾನಿಯಿಲ್ಲವೆಂದು ಸಾಬೀತಾದದ್ದು ಆಡಳಿತಕ್ಕೆ ದೊಡ್ಡ ನೆಮ್ಮದಿ ತಂದಿತು. ಕಚೇರಿಯ ಸಿಬ್ಬಂದಿಗೆಲ್ಲ ಕಿವಿಗೆ ಹಾಕುವ ಮೆತ್ತನೆಯ ಮುಚ್ಚಿಗೆಗಳನ್ನು ಹಂಚಿದರು. ಭಾವನ ಕಿವಿಗೆ ಇನ್ನಷ್ಟು ಧಕ್ಕೆಯಾಗಬಾರದೆಂದು, ಆರೋಗ್ಯದ ಕಾರಣಕ್ಕಾಗಿ, ಅವರನ್ನು ಒಣಗಿಸುವ ವಿಭಾಗಕ್ಕೆ ವಾಪಸು ಕಳಿಸಿದರು.

ಭಾವನಿಗೆ ಬೇಕಾದದ್ದು ಸಿಕ್ಕಿತು. ತಪಾಸಣೆಯನ್ನು ಮತ್ತೆ ಪ್ರತಿದಿನಕ್ಕೆ ತಂದರು. ಆದರೆ ಸಿಕ್ಕಿದ್ದರ ಜೊತೆಗೆ ಒಂದು ಮುಳ್ಳೂ ಬಂದಿತ್ತು. ಕಚೇರಿಯ ಗುಮಾಸ್ತರ ಕಿವಿಗೆ ಮುಚ್ಚಿಗೆ, ಗುಡುಗಿನ ನಡುವೆ ನಿಂತ ಫಿಟ್ಟರುಗಳ ಕಿವಿ ಬಯಲು. ಅದು ತಮ್ಮಿಂದಲೇ ಆದದ್ದು ಎಂದು ಅವರಿಗೆ ಗೊತ್ತಿತ್ತು. ಔಷಧದ ಕಪಾಟಿನ ಗಾಜಿನ ಕಥೆಯನ್ನು ವೈದ್ಯಾಧಿಕಾರಿಗೆ ಹೇಳಬಹುದಿತ್ತು. ಹೇಳಿದರೆ ವರ್ಷಗಟ್ಟಲೆ ಮೋಸ ಮಾಡಿದವರೆಂದು ಗೋದಾಮಿಗೇ ಹಾಕುತ್ತಿದ್ದರು. ಆ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಬದಲಿಗೆ ಅವರು ಅಕ್ಕನ ಹತ್ತಿರ ಹತ್ತಿ ಕೇಳಿದರು. ಬರೀ ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ನಾನು ಹೇಳಿದ್ದೆ. ಅಕ್ಕ ಮೇಣದಬತ್ತಿ ಕರಗಿಸಿ, ಸ್ವಲ್ಪ ವ್ಯಾಸಲೀನ್ ಬೆರೆಸಿ, ಹತ್ತಿಯನ್ನು ಅದರಲ್ಲಿ ನಾದಿ ನಾದಿ ಮೆತ್ತನೆಯ ಉಂಡೆ ಮಾಡಿಕೊಟ್ಟಳು. ಭಾವ ಒಂದು ಡಬ್ಬಿ ತುಂಬ ಒಯ್ದು ಫಿಟ್ಟರುಗಳಿಗೆ ಹಂಚಲು ಹೋದರು. ಒಬ್ಬನೂ ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ಇಲ್ಲಿದ್ದು ನಿಮಗೇ ಏನೂ ಆಗಲಿಲ್ಲ, ಕಚೇರಿಗೆ ಹೋದ ಮೇಲಲ್ಲವೇ ಕೆಟ್ಟಿದ್ದು ಎಂದು ಅವರೇ ಭಾವನಿಗೆ ಸಮಾಧಾನ ಹೇಳಿದರು.

ಸ್ವಲ್ಪ ದಿನ ಬಿಟ್ಟು ನಾನು ಕಾಗದದ ಮಾದರಿ ತರಲು ಕೆಳಗೆ ಹೋದೆ. ಭಾವ ಸಾಲಿನ ಮೊದಲ ಉರುಳೆಯ ಹತ್ತಿರ, ಎಲ್ಲರಿಗೂ ಕಾಣುವ ಜಾಗದಲ್ಲಿ ನಿಂತಿದ್ದರು. ಡಬ್ಬಿಯಿಂದ ಎರಡು ಉಂಡೆ ತೆಗೆದು, ಬೆರಳಲ್ಲಿ ಹೊಸೆದು, ಹೇಗೂ ಸರಿಯಾಗಿ ಕೇಳದ ತಮ್ಮ ಎರಡೂ ಕಿವಿಗಳಿಗೆ ಬಹಳ ಶ್ರದ್ಧೆಯಿಂದ ತುಂಬಿಕೊಂಡರು. ಆಮೇಲೆ ತಟ್ಟೆಯ ಮೇಲೆ ರವೆ ಹರಡಿ ತಪಾಸಣೆ ಶುರುಮಾಡಿದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಫಿಟ್ಟರು ಬಂದು, ಕಿವಿ ತೋರಿಸಿ, ಇದ್ಯಾಕೆ ಎಂದು ಸನ್ನೆಯಲ್ಲಿ ಕೇಳಿದ. ಭಾವ ಅತ್ತಿತ್ತ ನೋಡಿ, ಗುಟ್ಟು ಹೇಳುವವರಂತೆ ಹತ್ತಿರ ಬಾಗಿ, ತುಟಿ ಬಿಡಿಸಿದರು. ಅಷ್ಟು ದೂರದಿಂದ ನನಗೂ ಓದಲು ಬಂತು.

"ಇದು ಹಾಕಿಕೊಂಡ್ರೆ ಕೆಟ್ಟ ಕಿವಿಗೂ ಬೇರಿಂಗ್ ಚೆನ್ನಾಗಿ ಕೇಳುತ್ತೆ."

ಫಿಟ್ಟರು ಡಬ್ಬಿಯ ಕಡೆ ಕೈ ನೀಡಿದ. ಭಾವ ಸ್ವಲ್ಪ ಹೊತ್ತು ಕೊಡಲೋ ಬೇಡವೋ ಎಂಬಂತೆ ನಿಂತು, ಕಡೆಗೆ ಮನಸ್ಸಿಲ್ಲದ ಮನಸ್ಸಿನಿಂದ ಎರಡೇ ಎರಡು ಉಂಡೆ ಕೊಟ್ಟರು. ನಾನು ಮಾದರಿ ಕತ್ತರಿಸಿಕೊಂಡು ಮೆಟ್ಟಿಲು ಹತ್ತುವ ಹೊತ್ತಿಗೆ ಇನ್ನೂ ಇಬ್ಬರು ಅವರ ಪಕ್ಕದಲ್ಲಿ ಕೈಯೊಡ್ಡಿ ನಿಂತಿದ್ದರು.